ಒಂದು ಉದ್ದ, ಎರಡು ಗಿಡ್ಡ

ಮೊದಲು ಉರಿ ಬಂದದ್ದು ಎಡಪಕ್ಕೆಗೆ.
ಒಲೆಯ ಕಿಡಿ ಸಿಡಿದ ಹಾಗೆ ಅಲ್ಲ,
ಒಲೆಯನ್ನೇ ಒಳಗಿಟ್ಟು ಹೊಲಿದ ಹಾಗೆ.
ಡಾಕ್ಟರು ನೋಡಿ ಸರ್ಪಸುತ್ತು ಎಂದರು.
ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ಆಗಿತ್ತೇ?
ಆಗಿತ್ತು, ಎರಡನೆಯ ಕ್ಲಾಸಿನಲ್ಲಿ.
ಅದೇ ಇದು. ನರದ ಬುಡದಲ್ಲಿ ಮಲಗಿರುತ್ತದೆ,
ಮೈ ಸೋತಾಗ ಏಳುತ್ತದೆ.
ನಲವತ್ತನಾಲ್ಕು ವರ್ಷ!
ನನಗೆ ಮೊದಲು ಹೊಳೆದದ್ದು:
ನನ್ನ ಲೈಬ್ರರಿಗೆ ಇಷ್ಟು ತಡವಾಗಿ
ಯಾವ ಪುಸ್ತಕವೂ ವಾಪಸು ಬಂದಿಲ್ಲ.

ಕೆಲಸದಲ್ಲಿ ಒತ್ತಡವೇನಾದರೂ ಇದೆಯೇ, ಮಾರ್ಲಿಸ್?
ಏನು ಹೇಳಲಿ.
ಹೋದ ವರ್ಷದಿಂದ ಮೂರು ಶಾಲೆಗೆ ಒಬ್ಬಳೇ.
ಸೋಮವಾರ ಗುಡ್ಡದ ಮೇಲೆ, ಮಂಗಳವಾರ ರೈಲುಹಳಿಯಾಚೆ.
ಪುಸ್ತಕದ ಡಬ್ಬಗಳು ಕಾರಿನ ಹಿಂದಿನ ಸೀಟಿನಲ್ಲಿ
ಬೆಲ್ಟು ಕಟ್ಟಿಕೊಂಡು ಕೂರುತ್ತವೆ, ಜಾಣಮಕ್ಕಳ ಹಾಗೆ.
ಪರೀಕ್ಷೆಯ ತಿಂಗಳು ಕಪಾಟುಗಳಿಗೆ ಕಂದು ಕಾಗದ ಹೊದಿಸುತ್ತಾರೆ,
ಪುಸ್ತಕದ ಬೆನ್ನು ನೋಡಿ ಯಾರೂ ಕಾಪಿ ಹೊಡೆಯದಿರಲೆಂದು.
ಉಳಿದ ದಿನ ನಾನು ರಿಪೇರಿಯವಳು:
ಲ್ಯಾಪ್‌ಟಾಪಿನ ಮುರಿದ ಕೀಲು, ನಾಯಿ ಅಗಿದ ಚಾರ್ಜರು,
ಅಕ್ಷರಗಳ ಸಂದಿಯಲ್ಲಿ ಒಣಗಿದ ಜೆಲ್ಲಿ.
ಇದನ್ನೆಲ್ಲ ಹೇಳಲಿಲ್ಲ.
ಸ್ವಲ್ಪ ಇದೆ, ಎಂದೆ.

ಎರಡು ವಾರ ಅಂಗಿ ತಾಗದ ಹಾಗೆ ಕೂತೆ.
ಜನವರಿ. ಕಿಟಕಿಯಾಚೆ ಸುಪೀರಿಯರ್ ಸರೋವರ
ಹೆಪ್ಪುಗಟ್ಟಿ, ಒಡೆದು, ಮತ್ತೆ ಹೆಪ್ಪುಗಟ್ಟಿ.
ನಿದ್ದೆ ಬಾರದ ಮೂರು ಗಂಟೆಗೆ
ಮನೆ ತುಂಬ ಪುಸ್ತಕವಿದ್ದೂ ಓದಿದ್ದು
ನಗರಸಭೆಯ ಕೆಲಸಗಳ ಪಟ್ಟಿ:
ಹಿಮ ತಳ್ಳುವವರು ಬೇಕು.
ನೀರಿನ ಮೀಟರು ನೋಡುವವರು ಬೇಕು.
ಸೇತುವೆ ಎತ್ತುವವರು ಬೇಕು,
ಎತ್ತರದ ಭಯವಿರಬಾರದು,
ದಾಖಲೆ ಅಚ್ಚುಕಟ್ಟಾಗಿ ಬರೆಯಬೇಕು.
ಎರಡನೆಯದು ಬರುತ್ತದೆ, ಎಂದುಕೊಂಡೆ.

ತಂಗಿ ಕಾರಿನ್ ಫೋನಿನಲ್ಲಿ ನಕ್ಕಳು,
ಆಮೇಲೆ ಅತ್ತಳು,
ಆಮೇಲೆ ಕೇಳಿದಳು, ಪಿಂಚಣಿ ಎಷ್ಟು ಹೋಗುತ್ತೆ?
ಹೋಗುತ್ತೆ, ಸಾಕಷ್ಟು.

ಕೊನೆಯ ದಿನ ಕೇಕು.
ಅದರ ಮೇಲೆ ನನ್ನ ಹೆಸರಲ್ಲಿ ಒಂದಕ್ಷರ ತಪ್ಪು.
ತಿದ್ದಲಿಲ್ಲ, ತಿಂದೆ.
ತೂ ವಾಂಗ್ ಬಂದಿದ್ದ, ಊಟದ ಬಿಡುವಿಡೀ
ಭೂಪಟಗಳ ಹಿಂದೆ ಅವಿತು ಕೂರುವ ಹುಡುಗ,
ಆಕ್ಟೋಪಸ್ಸಿನ ಒಂದೇ ಪುಸ್ತಕವನ್ನು
ಹನ್ನೊಂದು ಸಲ ಒಯ್ದವನು.
ಇನ್ನು ಇಲ್ಲಿಗೆ ಯಾರು ಬರ್ತಾರೆ, ಮಿಸ್?
ಯಾರೂ ಇಲ್ಲ ಎನ್ನಲು ಬಾಯಿ ಬರಲಿಲ್ಲ.
ಪುಸ್ತಕ ನಿನ್ನ ಹತ್ತಿರವೇ ಇರಲಿ ಎಂದೆ.
ಕಂಪ್ಯೂಟರಿನಲ್ಲಿ 'ಕಳೆದಿದೆ' ಎಂದು ಬರೆದೆ.
ಇಪ್ಪತ್ತೆರಡು ವರ್ಷದ ಲೆಕ್ಕದಲ್ಲಿ ಅದೊಂದೇ ಸುಳ್ಳು.
ಅರ್ಜಿಯಲ್ಲಿ ಎತ್ತರದ ಬಗ್ಗೆ ಬರೆದದ್ದು ಬೇರೆ ಖಾತೆ.

ಮಾರ್ಚಿ ಕೊನೆಗೆ ಮಂಜುಗಡ್ಡೆ ಬಿರುಕು ಬಿಟ್ಟಿತು.
ಈಗ ನನ್ನ ಕೋಣೆ ನೀರಿನ ಮೇಲೆ ತೂಗುತ್ತದೆ,
ನಾಲ್ಕೂ ಕಡೆ ಗಾಜು, ಒಂದು ಹೀಟರು, ಒಂದು ದಾಖಲೆ ಪುಸ್ತಕ.
ಅದಿರು ತುಂಬಿದ ಹಡಗು, ಹೋದ ಗಂಟೆ, ಬಂದ ಗಂಟೆ.
ಕೈಬರಹ ಅದೇ.
ತಡವಾದರೆ ದಂಡ ಮಾತ್ರ ಇಲ್ಲ.
ಮೆಟ್ಟಿಲ ಮೇಲೆ ಕಾಲು ನಡುಗುತ್ತದೆ;
ಗಾಳಿ ವಾಯವ್ಯಕ್ಕೆ ತಿರುಗಿದರೆ ಪಕ್ಕೆ ಜುಮ್ಮೆನ್ನುತ್ತದೆ,
ಒಳಗೆ ಅದು ಮತ್ತೆ ಮಗ್ಗುಲು ಬದಲಿಸಿ ಮಲಗುತ್ತದೆ.

ಹಡಗು ದೂರದಿಂದಲೇ ಕೂಗುತ್ತದೆ:
ಒಂದು ಉದ್ದ, ಎರಡು ಗಿಡ್ಡ.
ಅಷ್ಟನ್ನೇ ತಿರುಗಿ ಕೂಗಬೇಕಾದವಳು ನಾನು.
ಮೊದಲ ಸಲ ಬೆರಳು ಗುಂಡಿಯ ಮೇಲೆ ಹೋಗದೆ
ತಾನಾಗಿ ತುಟಿಗೆ ಬಂತು, ಶ್ ಎನ್ನಲು.
ಕೆಲಸ ಕಲಿಸಲು ನಿಂತಿದ್ದ ಮುದುಕ ಆರ್ವಿಡ್
ಚಹಾದ ಲೋಟ ಕೆಳಗಿಟ್ಟ.
ಒತ್ತಮ್ಮಾ, ಅವರು ಕಾಯ್ತಿದ್ದಾರೆ.
ಒತ್ತಿದೆ.
ಗುಡ್ಡದ ಮೇಲಿನ ಕಿಟಕಿಗಳೆಲ್ಲ ಅದುರಿದವು.

ಕೆಳಗೆ ತಡೆದು ನಿಂತ ವಾಹನಗಳಲ್ಲಿ ಒಂದು ಹಳದಿ ಬಸ್ಸು.
ಉಸಿರಿಗೆ ಮಸುಕಾದ ಗಾಜಿನ ಮೇಲೆ ಯಾರೋ
ಬೆರಳಲ್ಲಿ ಏನೋ ಬರೆದಿದ್ದರು.
ದುರ್ಬೀನು ಹಿಡಿದು ಕಾಲು ಎಣಿಸಿದೆ,
ಆರು, ಏಳು,
ಅಷ್ಟರಲ್ಲಿ ಸೇತುವೆ ಇಳಿಸುವ ಹೊತ್ತಾಯಿತು.